ಸೀಮಾವಿವಾದ: ಮಿತಾಕ್ಷರೆಯಿಂದ ಬಾಂದುಕಲ್ಲಿನವರೆಗೆ

ಗಡಿ ಎಂಬ ಮಾತು ಕಿವಿಗೆ ಬಿದ್ದೊಡನೆ ಹೊರನಾಡಿನಲ್ಲಿರುವ ಕನ್ನಡಿಗರ ಮನಸ್ಸು ಬೆಳಗಾವಿ, ಸೊಲ್ಲಾಪುರ, ಕಾಸರಗೋಡುಗಳ ಕಡೆಗೆ ಹರಿಯುವುದು ಸಹಜ. ಆ ವಿಷಯವಾಗಿ ಬರೆದವರು ಅನೇಕರು, ಇನ್ನೂ ಬರೆಯುವವರುಂಟು. ಪ್ರಸ್ತುತ ಲೇಖನದ ವಿಷಯ ಅಷ್ಟು ದೊಡ್ಡದಲ್ಲ. ಎರಡು ಹೊಲಗಳ ನಡುವಣ ಬದು, ಎರಡು ತೋಟಗಳ ನಡುವಣ ಬೇಲಿ, ಎರಡು ಮನೆಗಳ ನಡುವಣ ಗೋಡೆ ಇವುಗಳ ಸಂಬಂಧವಾಗಿ ನೆರೆಹೊರೆಯವರಲ್ಲಿ ಹುಟ್ಟುವ ವ್ಯಾಜ್ಯಗಳನ್ನು ನಮ್ಮ ಹಿಂದಿನವರು ಯಾವ ನ್ಯಾಯದಿಂದ ತೀರಿಸುತ್ತಿದ್ದರು ಎಂಬುದಷ್ಟೇ ಇಲ್ಲಿಯ ವಿಚಾರ. ವಿಷಯವು ಚಿಕ್ಕದಾದರೂ ಅದರಿಂದ ನೊಂದವರ ಸಂಖ್ಯೆ ಚಿಕ್ಕದಲ್ಲ. ಊರಿನಲ್ಲಿ ಒಂದು ಮನೆಯನ್ನೋ ನಾಲ್ಕು ಎಕರೆ ಹೊಲವನ್ನೋ ಬಿಟ್ಟು ಮುಂಬಯಿ ಪುಣೆಗಳಿಗೆ ಬಂದು ನೆಲಸಿದವರಲ್ಲಿ, ರಜೆಗೆ ಹೋದಾಗ ಪಕ್ಕದವನ ಬೇಲಿ ಎರಡು ಮಾರು ಈಚೆಗೆ ಸರಿದಿರುವುದನ್ನು ಕಂಡು, ನಾಲ್ಕು ದಿನದ ಮಟ್ಟಿಗೆ ಬಂದವರು ಜಗಳವೇಕೆಂದು ಸುಮ್ಮನೆ ಹಿಂದಿರುಗಿದವರು ಪ್ರತಿಯೊಂದು ಕನ್ನಡ ಸಂಘದಲ್ಲಿಯೂ ಇಬ್ಬರು ಮೂವರಾದರೂ ಇರುತ್ತಾರೆ.

ಈ ವಿಚಾರದಲ್ಲಿ ನಮಗೆ ಮೊದಲ ದಾರಿದೀಪವಾಗುವವನು ಕನ್ನಡನಾಡಿನಲ್ಲಿಯೇ ಕುಳಿತು ಬರೆದ ವಿಜ್ಞಾನೇಶ್ವರ. ಯಾಜ್ಞವಲ್ಕ್ಯಸ್ಮೃತಿಗೆ ಅವನು ರಚಿಸಿದ ಮಿತಾಕ್ಷರೆಯೆಂಬ ವ್ಯಾಖ್ಯಾನವು ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಳಿಕೆಯಲ್ಲಿ ಕಲ್ಯಾಣಪಟ್ಟಣದಲ್ಲಿ ಹುಟ್ಟಿತು; ಗ್ರಂಥದ ಕೊನೆಯಲ್ಲಿ ಆ ಪಟ್ಟಣವನ್ನೂ ಆ ದೊರೆಯನ್ನೂ ಅವನು ಹೊಗಳಿದ್ದಾನೆ. ಮಿತಾಕ್ಷರೆಯೆಂದರೆ ತಂದೆಯ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಬರುವ ಹಕ್ಕು ಎಂದಷ್ಟೇ ನಮ್ಮಲ್ಲಿ ಹಲವರು ತಿಳಿದಿರುವರು. ಅದೇ ಗ್ರಂಥದ ವ್ಯವಹಾರಾಧ್ಯಾಯದಲ್ಲಿ ಸೀಮಾವಿವಾದಪ್ರಕರಣವೆಂಬ ಭಾಗವೊಂದಿದೆ. ಮೂಲಸ್ಮೃತಿಯಲ್ಲಿ ಅದು ಒಂಬತ್ತೇ ಶ್ಲೋಕ. ವ್ಯಾಖ್ಯಾನಕಾರನು ಅದಕ್ಕೆ ಮನು, ನಾರದ, ಬೃಹಸ್ಪತಿ, ಕಾತ್ಯಾಯನರ ವಚನಗಳನ್ನು ಕೂಡಿಸಿ ಒಂದು ಪೂರ್ಣ ಶಾಸ್ತ್ರವನ್ನೇ ಮಾಡಿದ್ದಾನೆ.

ಅವನ ಪ್ರಕಾರ ಸೀಮೆಯು ನಾಲ್ಕು ಬಗೆ: ನಾಡಿನದು, ಊರಿನದು, ಹೊಲದ್ದು, ಮನೆಯದು. ನಾಡಿನ ಗಡಿಯೂ ಹಿತ್ತಿಲ ಗೋಡೆಯೂ ಒಂದೇ ಪಂಕ್ತಿಯಲ್ಲಿ ಕುಳಿತಿರುವುದನ್ನು ಗಮನಿಸಬೇಕು. ಭೂಮಿಯ ವ್ಯಾಜ್ಯಕ್ಕೆ ಕಾತ್ಯಾಯನನು ಹೇಳಿದ ಆರು ಕಾರಣಗಳನ್ನು ಅವನು ಉದಾಹರಣೆಯೊಂದಿಗೆ ಬಿಡಿಸುತ್ತಾನೆ. ನನ್ನ ನೆಲ ಇಲ್ಲಿ ಐದು ನಿವರ್ತನಕ್ಕಿಂತ ಹೆಚ್ಚಿದೆ ಎಂದು ಒಬ್ಬನೂ, ಇಲ್ಲ, ಐದೇ ಎಂದು ಇನ್ನೊಬ್ಬನೂ ಹೇಳಿದರೆ ಅದು ಆಧಿಕ್ಯದ ವಿವಾದ; ಕಡಮೆಯಿದೆ ಎಂದರೆ ನ್ಯೂನತೆಯದು; ಪಾಲಿನದು ಒಂದು; ಪಾಲು ಇದೆ ಇಲ್ಲ ಎಂಬುದು ಒಂದು; ಮೊದಲು ಅನುಭವಿಸದೆ ಇದ್ದವನು ಈಗ ಅನುಭವಿಸುತ್ತಿದ್ದಾನೆ ಎಂಬುದು ಮತ್ತೊಂದು; ಕೊನೆಯದು ಎಲ್ಲೆಯದು. ಇಂದಿನ ಮುನ್ಸೀಫ ಕೋರ್ಟಿನಲ್ಲಿ ದಾಖಲಾಗುವ ಜಮೀನಿನ ದಾವೆಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ಪಟ್ಟಿಗೆ ಹೊರಗಾಗಿ ನಿಲ್ಲುವುದು ಬಹಳವಿಲ್ಲ.

ಎಲ್ಲೆಯನ್ನು ತೋರಿಸುವ ಗುರುತುಗಳ ವಿಷಯವಾಗಿ ನಾರದನು ಮಾಡಿದ ವಿಭಾಗವೂ ಸೊಗಸಾಗಿದೆ. ಮರಗಳಿಂದ ಗುರುತಾದ ಸೀಮೆ ಧ್ವಜಿನಿ, ಏಕೆಂದರೆ ಮರವು ಬಾವುಟದಂತೆ ದೂರದಿಂದ ಕಾಣುತ್ತದೆ. ನೀರಿನಿಂದ ಗುರುತಾದುದು ಮತ್ಸ್ಯಿನಿ. ನೆಲದಲ್ಲಿ ಹೂತ ವಸ್ತುಗಳಿಂದ ತಿಳಿಯುವುದು ನೈಧಾನಿ. ಉಭಯರ ಒಪ್ಪಂದದಿಂದ ನಿಂತದ್ದು ಭಯವರ್ಜಿತೆ. ಬೇರೇನೂ ಇಲ್ಲದಾಗ ರಾಜಾಜ್ಞೆಯಿಂದ ಏರ್ಪಟ್ಟದ್ದು ರಾಜಶಾಸನನೀತೆ. ನೆರೆಯವರು ತಾವೇ ಕೂಡಿ ಒಪ್ಪಿಕೊಂಡ ಎಲ್ಲೆಗೆ ಭಯವಿಲ್ಲದ್ದು ಎಂಬ ಹೆಸರನ್ನು ಕೊಟ್ಟವನು ಜನರ ನಡವಳಿಕೆಯನ್ನು ಹತ್ತಿರದಿಂದ ನೋಡಿದವನೇ ಆಗಿರಬೇಕು.

ಇವುಗಳಲ್ಲಿ ಮೂರನೆಯದನ್ನು ಕುರಿತು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ, ಎಲ್ಲೆಯ ವಿಷಯದಲ್ಲಿ ಜನರು ಸದಾ ತಪ್ಪುವುದನ್ನು ಕಂಡು ಹೊರಗಿನ ಗುರುತುಗಳಲ್ಲದೆ ಗುಪ್ತವಾದ ಗುರುತುಗಳನ್ನೂ ಇಡಬೇಕೆಂದು ವಿಧಿಸಿದೆ. ಕಲ್ಲು, ಮೂಳೆ, ಹಸುವಿನ ಕೂದಲು, ಹೊಟ್ಟು, ಬೂದಿ, ಮಡಕೆಯ ಚೂರು, ಒಣಗಿದ ಸಗಣಿ, ಇಟ್ಟಿಗೆ, ಇದ್ದಿಲು, ಹರಳು, ಮರಳು ಹೀಗೆ ನೆಲವು ಬೇಗ ತಿಂದುಹಾಕಲಾರದ ವಸ್ತುಗಳನ್ನು ಎಲ್ಲೆಗಳು ಕೂಡುವ ಕಡೆ ಹೂಳಬೇಕು. ಮೇಲಿನ ಮರವನ್ನು ಕಡಿಯಬಹುದು, ಕಲ್ಲನ್ನು ಕಿತ್ತು ಹತ್ತು ಮೊಳ ಆಚೆಗೆ ನೆಡಬಹುದು. ಮೂರಡಿ ಕೆಳಗೆ ಇದ್ದಿಲಿದೆಯೆಂಬುದು ಬೇಲಿ ಸರಿಸುವವನಿಗೆ ತಿಳಿಯದು. ಹಾಗಾದರೆ ಯಾರಿಗೆ ತಿಳಿದಿರಬೇಕು? ಬೃಹಸ್ಪತಿಯು ಇದಕ್ಕೂ ಏರ್ಪಾಡು ಮಾಡಿದ್ದಾನೆ. ಈ ಗುರುತುಗಳನ್ನು ಊರಿನ ಹುಡುಗರಿಗೆ ಪ್ರಯತ್ನಪೂರ್ವಕವಾಗಿ ತೋರಿಸತಕ್ಕದ್ದು. ಅವರು ಮುದುಕರಾದಾಗ ತಮ್ಮ ಮಕ್ಕಳಿಗೆ ತೋರಿಸತಕ್ಕದ್ದು. ಹೀಗೆ ತಿಳಿವಳಿಕೆಯು ಪರಂಪರೆಯಾಗಿ ಬಂದರೆ ಸೀಮೆಯಲ್ಲಿ ಭ್ರಾಂತಿಯುಂಟಾಗುವುದಿಲ್ಲ. ದಾದರಿನಲ್ಲೋ ಮಾಟುಂಗದಲ್ಲೋ ಬೆಳೆದ ನಮ್ಮ ಮಕ್ಕಳಿಗೆ ಅಜ್ಜನ ಹೊಲದ ಮೂಲೆ ಯಾವುದೆಂದು ತೋರಿಸಿಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ ಎಂಬುದನ್ನು ವಾಚಕರೇ ಯೋಚಿಸಬಹುದು.

ಎರಡು ಊರುಗಳ ಸೀಮಾವಿವಾದವನ್ನು ಜ್ಯೇಷ್ಠಮಾಸದಲ್ಲಿ ತೀರಿಸಬೇಕೆಂದು ಮನು ಹೇಳುತ್ತಾನೆ. ಆಗ ಗುರುತುಗಳು ಸ್ಪಷ್ಟವಾಗಿ ಕಾಣುತ್ತವೆ ಎಂಬುದು ಅವನ ಕಾರಣ. ಬಯಲುಸೀಮೆಯ ಹೊಲವನ್ನು ನೋಡಿದವರಿಗೆ ಈ ಮಾತಿನ ಅರ್ಥ ಹೇಳಬೇಕಾಗಿಲ್ಲ. ಬೇಸಗೆ ಮುಗಿಯುವ ಹೊತ್ತಿಗೆ ಪೈರಿಲ್ಲ, ಹುಲ್ಲಿಲ್ಲ, ಬದುವಿನ ಗೆರೆ ಬರಿಯ ಕಣ್ಣಿಗೆ ಎದ್ದು ಕಾಣುತ್ತದೆ. ಇನ್ನೊಂದು ಕಾರಣವೂ ಇದ್ದೀತೆಂದು ನನಗೆ ತೋರುತ್ತದೆ. ಮೊದಲ ಮಳೆ ಬಿದ್ದು ನೇಗಿಲು ಹೂಡುವಾಗಲೇ ಬದುವನ್ನು ಒಂದು ಸಾಲು ಒಳಗೆ ತಳ್ಳುವ ಕೆಲಸ ನಡೆಯುವುದು. ನೇಗಿಲಿಗೆ ಮುಂಚೆಯೇ ತೀರ್ಪಾಗಬೇಕು.

ಹೊಲದ ಬೇಲಿಯ ವಿಷಯವಾಗಿ ಅದೇ ಅಧ್ಯಾಯದಲ್ಲಿ ಒಂದು ಮಾತಿದೆ. ಊರಿನ ಸುತ್ತಣ ಗೋಮಾಳಕ್ಕೆ ತಾಗಿದ ಹೊಲಕ್ಕೆ ಬೇಲಿಯಿಲ್ಲದಿದ್ದರೆ, ದನ ನುಗ್ಗಿ ಪೈರು ತಿಂದರೂ ದನಗಾಹಿಗೆ ದಂಡವಿಲ್ಲ. ಬೇಲಿಯು ಎಷ್ಟು ಎತ್ತರವಿರಬೇಕೆಂದರೆ ಒಂಟೆಯು ಅದರ ಮೇಲಿಂದ ಇಣಿಕಿ ನೋಡಲಾಗಬಾರದು. ನಾಯಿ ಹಂದಿಗಳು ಮೂತಿ ತೂರಿಸುವಷ್ಟು ಕಂಡಿಯೂ ಇರಬಾರದು. ಅಂಗುಲದ ಲೆಕ್ಕವಿಲ್ಲದ ಈ ಅಳತೆಯು ಕಂಟ್ರ್ಯಾಕ್ಟರಿಗೆ ಸಾಲದು, ರೈತನಿಗೆ ಸಾಕು.

ಗುರುತುಗಳಿಂದ ಸಂಶಯ ಹರಿಯದಿದ್ದರೆ ಸಾಕ್ಷಿಗಳು. ಸಾಕ್ಷಿಗಳಲ್ಲಿ ಮೊದಲನೆಯವರು ಸಾಮಂತರು. ಈ ಪ್ರಕರಣದಲ್ಲಿ ಸಾಮಂತನೆಂದರೆ ಪಾಳೆಯಗಾರನಲ್ಲ, ಸಮಂತಾತ್ ಎಂದರೆ ಸುತ್ತಲೂ ಇರುವವನು, ನೆರೆಯವನು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಮನೆ, ಹೊಲ, ತೋಟ, ಕೆರೆಕಟ್ಟೆಗಳ ವಿವಾದಕ್ಕೆ ಸಾಮಂತರ ಮಾತೇ ಆಧಾರ. ಅವರು ಇಲ್ಲದಿದ್ದರೆ ಹಳಬರು, ದನಗಾಹಿಗಳು, ಎಲ್ಲೆಯ ಪಕ್ಕದಲ್ಲಿ ಉಳುವವರು. ಅವರೂ ಇಲ್ಲದಿದ್ದರೆ ಬೇಡರು, ಹಕ್ಕಿ ಹಿಡಿಯುವವರು, ಮೀನುಗಾರರು, ಗೆಡ್ಡೆ ಅಗೆಯುವವರು, ಹಾವು ಹಿಡಿಯುವವರು, ತೆನೆ ಆಯುವವರು. ವೇದಪಾಠಕನನ್ನಾಗಲಿ ಸೆಟ್ಟಿಯನ್ನಾಗಲಿ ಇಲ್ಲಿ ಕರೆದಿಲ್ಲ. ನೆಲದ ಮೇಲೆ ದಿನವೂ ನಡೆದಾಡುವವನಿಗೆ ನೆಲದ ವಿಷಯ ತಿಳಿದಿರುತ್ತದೆ ಎಂಬುದೊಂದೇ ಅರ್ಹತೆ; ಬೇರೆ ಕಡೆಗಳಲ್ಲಿ ಜಾತಿಯ ಮೇಲುಕೀಳನ್ನು ಇಷ್ಟೊಂದು ಲೆಕ್ಕಿಸುವ ಸ್ಮೃತಿಗಳು ಈ ಒಂದು ಪ್ರಕರಣದಲ್ಲಿ ಅದನ್ನು ಬದಿಗಿಟ್ಟಿರುವುದು ಆಶ್ಚರ್ಯಕರವಾಗಿದೆ.

ಯಾಜ್ಞವಲ್ಕ್ಯನ ಪ್ರಕಾರ ನಾಲ್ವರು, ಎಂಟು ಮಂದಿ ಇಲ್ಲವೆ ಹತ್ತು ಮಂದಿ ಕೆಂಪು ಬಟ್ಟೆಯನ್ನುಟ್ಟು, ಕೆಂಪು ಹೂವಿನ ಮಾಲೆ ಧರಿಸಿ, ತಲೆಯ ಮೇಲೆ ಮಣ್ಣನ್ನು ಹೊತ್ತು ಎಲ್ಲೆಯುದ್ದಕ್ಕೂ ನಡೆಯಬೇಕು. ಅವರು ನಡೆದ ದಾರಿಯೇ ಸೀಮೆ. ಉಭಯರಿಗೂ ಒಪ್ಪಿಗೆಯಾದ ಸತ್ಪುರುಷನಿದ್ದರೆ ಒಬ್ಬನೇ ನಡೆಯಬಹುದೆಂದು ಬೃಹಸ್ಪತಿಯ ಮತ. ನಡೆದ ಮಾತ್ರಕ್ಕೆ ಮುಗಿಯಲಿಲ್ಲ. ಮೂರು ಪಕ್ಷ, ಎಂದರೆ ನಲವತ್ತೈದು ದಿನಗಳೊಳಗೆ ಅವರಿಗೆ ದೈವದಿಂದಾಗಲಿ ರಾಜನಿಂದಾಗಲಿ ಕೇಡು ಬಂದರೆ ಅವರು ಸುಳ್ಳಾಡಿದರೆಂದು ತಿಳಿಯಬೇಕೆಂದು ಕಾತ್ಯಾಯನ ಹೇಳಿದ್ದಾನೆ. ಸುಳ್ಳೆಂದು ಸಿದ್ಧವಾದರೆ ಮಧ್ಯಮಸಾಹಸ ದಂಡ. ಯಾಜ್ಞವಲ್ಕ್ಯನ ಲೆಕ್ಕದಲ್ಲಿ ಅದು 540 ಪಣ.

ಇದು ಪುಸ್ತಕದಲ್ಲಿ ಉಳಿದ ಶಾಸ್ತ್ರವೆಂದು ಯಾರಾದರೂ ಭಾವಿಸಿದರೆ ಅವರು 1873ರ ‘ಇಂಡಿಯನ್ ಆಂಟಿಕ್ವೆರಿ’ಯನ್ನು ತೆರೆದು ನೋಡಬೇಕು. ಮೈಸೂರಿನ ರೂಢಿಗಳನ್ನು ಕುರಿತು ಕ್ಯಾಪ್ಟನ್ ಜೆ. ಎಸ್. ಎಫ್. ಮೆಕೆಂಜಿ ಎಂಬ ಅಧಿಕಾರಿ ಅಲ್ಲಿ ಬರೆದಿದ್ದಾನೆ. (ಟಿಪ್ಪುವಿನ ಪತನಾನಂತರ ಮೈಸೂರನ್ನು ಅಳೆದ ಕರ್ನಲ್ ಕಾಲಿನ್ ಮೆಕೆಂಜಿ ಬೇರೆ.) ಮೈಸೂರಿನ ಹಳ್ಳಿಗಳಲ್ಲಿ ಎಲ್ಲೆಯ ತಕರಾರು ಹುಟ್ಟಿದರೆ ಕುಳವಾಡಿಯ ಮಾತೇ ಕೊನೆಯ ಮಾತಾಗಿತ್ತು. ಕುಳವಾಡಿಯು ಅಸ್ಪೃಶ್ಯರೆಂದು ಊರ ಹೊರಗೆ ಇರಿಸಲ್ಪಟ್ಟ ಕೇರಿಯವನು. ಅವನು ಊರಿನ ಮಣ್ಣನ್ನು ಉಂಡೆ ಕಟ್ಟಿ, ನಡುವೆ ನೀರನ್ನಿಟ್ಟು, ಅದನ್ನು ತಲೆಯ ಮೇಲೆ ಹೊತ್ತು ಎಲ್ಲೆಯುದ್ದಕ್ಕೂ ನಡೆಯುವನು. ಸರಿಯಾದ ಗೆರೆಯ ಮೇಲೆ ನಡೆದರೆ ಏನೂ ಆಗದು; ತಪ್ಪಿ ಆಚೆಗೆ ಕಾಲಿಟ್ಟರೆ ಉಂಡೆಯು ತಾನಾಗಿ ಒಡೆಯುವುದೆಂದೂ, ಕುಳವಾಡಿಯು ಹದಿನೈದು ದಿನಗಳೊಳಗೆ ಸಾಯುವನೆಂದೂ, ಅವನ ಮನೆ ಹಾಳಾಗುವುದೆಂದೂ ಜನರ ನಂಬಿಕೆ. ಯಾಜ್ಞವಲ್ಕ್ಯನ ಮಣ್ಣು, ಕಾತ್ಯಾಯನನ ಗಡುವು ಎರಡೂ ಇಲ್ಲಿವೆ. ಮೂರು ಪಕ್ಷವು ಒಂದು ಪಕ್ಷಕ್ಕೆ ಇಳಿದಿದೆ ಅಷ್ಟೆ. ಹಳ್ಳಿಯ ರೂಢಿಯಿಂದ ಶಾಸ್ತ್ರವು ಹುಟ್ಟಿತೋ ಶಾಸ್ತ್ರದಿಂದ ರೂಢಿಯೋ ಎಂದು ಕೇಳಿದರೆ, ಮೊದಲನೆಯದೇ ಹೆಚ್ಚು ಸಂಭವವೆಂದು ನನ್ನ ಅಭಿಪ್ರಾಯ. ಕೇರಿಯ ಕುಳವಾಡಿಗೆ ಸಂಸ್ಕೃತದ ಸ್ಮೃತಿಯನ್ನು ಓದಿ ಹೇಳಿದವರಾರು?

ಮೆಕೆಂಜಿಯು ಇನ್ನೂ ಒಂದು ಸಂಗತಿಯನ್ನು ಬರೆದಿದ್ದಾನೆ. ಊರಿನ ಎಲ್ಲೆಯೊಳಗೆ ಸತ್ತ ದನದ ಚರ್ಮವು ಕುಳವಾಡಿಗೆ ಸಲ್ಲಬೇಕು. ಆದುದರಿಂದ ಯಾವ ಜಾಗದಲ್ಲಿ ಬಿದ್ದ ದನದ ಚರ್ಮ ಯಾವ ಊರಿನ ಕುಳವಾಡಿಗೆ ಹೋಯಿತೆಂಬುದನ್ನು ವಿಚಾರಿಸಿ ಎಷ್ಟೋ ಎಲ್ಲೆ ತಕರಾರುಗಳನ್ನು ತೀರಿಸುತ್ತಿದ್ದರು. ಎರಡೂ ಊರಿನ ಕುಳವಾಡಿಗಳು ಒಪ್ಪಿದರೆ ಉಳಿದವರು ಬಾಯಿ ತೆರೆಯುವಂತಿರಲಿಲ್ಲ. ಊರು ಹುಟ್ಟಿದಾಗ ನೆಟ್ಟ ಕರುಗಲ್ಲಿಗೆ ಪಟೇಲನು ವರ್ಷಕ್ಕೊಮ್ಮೆ ಪೂಜೆ ಸಲ್ಲಿಸಿದಾಗ ನೈವೇದ್ಯದ ಅಕ್ಕಿ ಮೊದಲಾದುವು ಕುಳವಾಡಿಯ ಪಾಲು; ಪಟೇಲನಿಲ್ಲದ ಊರಿನಲ್ಲಿ ಪೂಜೆಯನ್ನು ಮಾಡುವವನೂ ಅವನೇ. ಸಮಸ್ತರ ಹೊಲದ ಎಲ್ಲೆಗೂ ಪ್ರಮಾಣನಾದವನಿಗೆ ಸ್ವಂತದ್ದೆಂದು ಹೇಳಿಕೊಳ್ಳಲು ಹೆಚ್ಚೆಂದರೆ ಚಾಕರಿಯ ಇನಾಮಿನ ತುಂಡು ನೆಲವಿತ್ತು. ಈ ವೈಷಮ್ಯವನ್ನು ನಮ್ಮ ಇತಿಹಾಸಕಾರರು ಇನ್ನೂ ಸಾಕಷ್ಟು ವಿಚಾರಿಸಿಲ್ಲ. ಮದರಾಸು ಪ್ರಾಂತದ ಹಳ್ಳಿಯ ನೌಕರರನ್ನು ಎಣಿಸುವಾಗ 1812ರ ಪ್ರಸಿದ್ಧವಾದ ಐದನೆಯ ವರದಿಯೂ ಎಲ್ಲೆ ಕಾಯುವವನನ್ನು ಬೇರೆಯಾಗಿಯೇ ಹೆಸರಿಸಿದೆ.

ಇನ್ನು ಶಾಸನಗಳ ಮಾತು. ಭೂದಾನವನ್ನು ಹೇಳುವ ನಮ್ಮ ಶಾಸನಗಳಲ್ಲಿ ರಾಜನ ಬಿರುದುಗಳನ್ನು ಓದುವ ಶ್ರದ್ಧೆಯಿಂದ ಸೀಮೆಯ ವಿವರವನ್ನು ಓದುವವರು ಕಡಮೆ. ಮೂಡಲು ಇಂಥ ಹುತ್ತ, ತೆಂಕಲು ಇಂಥ ಹುಣಸೆ, ಪಡುವಲು ಹೆಬ್ಬಟ್ಟೆ, ಬಡಗಲು ಹಳ್ಳ, ನೆಟ್ಟ ಕಲ್ಲು, ಕೆರೆಯ ಕೋಡಿ, ಮೊರಡಿ ಎಂದು ಬರೆಯಿಸಿದ ಸಾಲುಗಳು ನೀರಸವೆಂದು ಬಿಟ್ಟುಬಿಡತಕ್ಕವಲ್ಲ. ಹುತ್ತವು ಯಾಜ್ಞವಲ್ಕ್ಯನ ಪಟ್ಟಿಯಲ್ಲಿಯೂ ಇದೆ. ಹುತ್ತವನ್ನು ಅಗೆಯಲು ಕನ್ನಡಿಗನು ಇಂದಿಗೂ ಅಂಜುತ್ತಾನೆ. ಅಶ್ವತ್ಥವನ್ನು ಕಡಿಯಲೂ ಹಾಗೆಯೇ. ಕಾವಲುಗಾರನಿಲ್ಲದೆ ತನ್ನನ್ನು ತಾನೇ ಕಾಯ್ದುಕೊಳ್ಳುವ ಗುರುತನ್ನು ಹಿರಿಯರು ಆರಿಸಿದ್ದರು. ಅಳತೆಗೆ ಮತ್ತರು, ಕಮ್ಮ ಮುಂತಾದ ಮಾನಗಳಿದ್ದವು. ಆದರೆ ಅಳೆಯುವ ಗಳೆ ಊರಿಂದೂರಿಗೆ ಬೇರೆಯಾದುದರಿಂದ ಯಾವ ಗಳೆಯೆಂಬುದನ್ನೂ ಹೇಳಬೇಕಾಗುತ್ತಿತ್ತು. ಬಳ್ಳಿಗಾವೆಯ ಶಾಸನದಲ್ಲಿ ಬರುವ ಭೇರುಂಡ ಗಳೆ ಅಂಥದು.

ದಾನ ಪಡೆದವರ ಮತಕ್ಕೆ ತಕ್ಕಂತೆ ಎಲ್ಲೆಗಲ್ಲಿನ ಮೇಲೆ ಮುದ್ರೆ. ಬ್ರಾಹ್ಮಣರ ಅಗ್ರಹಾರಕ್ಕೆ ವಾಮನಮುದ್ರೆಯ ಕಲ್ಲು, ಶೈವ ಮಠಗಳಿಗೆ ಲಿಂಗಮುದ್ರೆಯ ಕಲ್ಲು, ಬಸದಿಗಳಿಗೆ ಮುಕ್ಕೊಡೆಯ ಕಲ್ಲು. ವಿಜಯನಗರದ ಕಾಲದ ದಾನಪತ್ರಗಳಲ್ಲಿ ಚತುಸ್ಸೀಮೆಗೆ ವಾಮನಮುದ್ರೆಯ ಕಲ್ಲುಗಳನ್ನು ನೆಟ್ಟುಕೊಟ್ಟೆವೆಂಬ ಒಕ್ಕಣೆ ಮತ್ತೆಮತ್ತೆ ಬರುತ್ತದೆ. ಮೂರಡಿ ನೆಲವನ್ನು ಬೇಡಿ ಮೂರು ಲೋಕವನ್ನೂ ಅಳೆದವನನ್ನು ಎಲ್ಲೆಯ ಕಾವಲಿಗೆ ನಿಲ್ಲಿಸಿದ ಹಿರಿಯರ ಹಾಸ್ಯಪ್ರಜ್ಞೆಯನ್ನು ಮೆಚ್ಚಲೇಬೇಕು.

ಕಲ್ಲು ನೆಟ್ಟರೂ ವ್ಯಾಜ್ಯ ತಪ್ಪಲಿಲ್ಲವೆಂಬುದಕ್ಕೆ ತೀರ್ಥಹಳ್ಳಿಯ ಕಡೆಯ ಒಂದು ಶಾಸನ ಸಾಕ್ಷಿಯಾಗಿದೆ. 1363ರಲ್ಲಿ, ಬುಕ್ಕರಾಯನ ಮಗ ವಿರೂಪಾಕ್ಷನು ಮಲೆರಾಜ್ಯವನ್ನು ಆಳುತ್ತಿದ್ದಾಗ, ಹೆದ್ದೂರುನಾಡಿನ ತಡತಾಳದ ಪಾರ್ಶ್ವನಾಥ ಬಸದಿಯ ಭೂಮಿಯ ಎಲ್ಲೆಗಾಗಿ ಬಸದಿಯವರಿಗೂ ನಾಡಿನವರಿಗೂ ವಿವಾದ ಹುಟ್ಟಿತು. ಆರಗದ ಚಾವಡಿಯಲ್ಲಿ ನಾಡಿನ ಹಿರಿಯರನ್ನು ಕೂಡಿಸಿ ವಿಚಾರಣೆ ನಡೆಸಿದರು. ಪೂರ್ವದಿಂದ ನಡೆದುಬಂದ ಮರ್ಯಾದೆಯಂತೆ ಬಸದಿಯ ಎಲ್ಲೆಯನ್ನು ನಿಲ್ಲಿಸಿ, ನಾಡಿನವರನ್ನು ಒಪ್ಪಿಸಿ, ಶಾಸನ ಹಾಕಿಸಿದರು. ಅಲ್ಪಸಂಖ್ಯಾತರಾದ ಜೈನರ ಪಕ್ಷಕ್ಕೆ ನ್ಯಾಯ ದೊರೆತದ್ದು ಒಂದು ವಿಶೇಷ. ಇಡೀ ನಾಡು ಎದುರಿಗೆ ನಿಂತಿದ್ದರೂ ಅದನ್ನು ಬಗ್ಗಿಸದೆ ಒಪ್ಪಿಸಿದ್ದು ಇನ್ನೊಂದು ವಿಶೇಷ; ಒಪ್ಪದ ನೆರೆಯವನ ಪಕ್ಕದಲ್ಲಿ ಡಿಕ್ರಿಯೊಂದನ್ನೇ ಹಿಡಿದುಕೊಂಡು ಬಾಳುವುದು ಎಷ್ಟು ಕಷ್ಟವೆಂಬುದನ್ನು ಆರಗದ ಅಧಿಕಾರಿಗಳು ಅರಿತಿದ್ದರು.

ಮರ್ಯಾದೆ ಎಂಬ ಮಾತು ಬಂದುದರಿಂದ ಒಂದು ವಿಷಯವನ್ನು ಹೇಳದೆ ಮುಂದೆ ಹೋಗಲಾರೆ. ನಾವು ಇಂದು ಗೌರವವೆಂಬ ಅರ್ಥದಲ್ಲಿ ಬಳಸುವ ಈ ಮಾತಿಗೆ ಮಿತಾಕ್ಷರೆಯು ಕೊಡುವ ಅರ್ಥ ಹೀಗಿದೆ: ಅನೇಕ ಹೊಲಗಳನ್ನು ಬೇರ್ಪಡಿಸುವ, ಎಲ್ಲರಿಗೂ ಸಾಮಾನ್ಯವಾದ ನೆಲ. ನಮ್ಮ ರೈತರ ಬದುವೇ ಅದು. ಬದು ಇಬ್ಬರದೂ ಹೌದು, ಒಬ್ಬನದೂ ಅಲ್ಲ. ಅದನ್ನು ಒಡೆದವನಿಗೆ ಪ್ರಥಮಸಾಹಸ, 270 ಪಣ. ಎಲ್ಲೆ ದಾಟಿ ಉತ್ತವನಿಗೆ ಉತ್ತಮಸಾಹಸ, 1080 ಪಣ. ಹೆದರಿಸಿ ಹೊಲವನ್ನೇ ಕಿತ್ತುಕೊಂಡವನಿಗೆ ಮಧ್ಯಮಸಾಹಸ, 540 ಪಣ. ಇಡೀ ಹೊಲವನ್ನು ಕಿತ್ತುಕೊಂಡವನಿಗಿಂತ ಸಾಲು ಸಾಲಾಗಿ ಒಳಗೆ ನುಗ್ಗುವವನಿಗೆ ದಂಡ ಎರಡರಷ್ಟು! ಮೊದಲ ನೋಟಕ್ಕೆ ಇದು ತಲೆಕೆಳಗಾದಂತೆ ಕಾಣುತ್ತದೆ. ಬಲಾತ್ಕಾರದಿಂದ ಹೊಲ ಕಿತ್ತುಕೊಳ್ಳುವುದು ಹಾಡುಹಗಲಿನ ಕೃತ್ಯ, ಊರೆಲ್ಲ ನೋಡುತ್ತದೆ. ಎಲ್ಲೆ ದಾಟುವವನು ವರ್ಷಕ್ಕೊಂದು ಗೇಣಿನಂತೆ ಕದಿಯುತ್ತಾನೆ, ಯಾರೂ ನೋಡರು ಎಂಬುದು ಈ ವ್ಯತ್ಯಾಸಕ್ಕೆ ನಾನು ಊಹಿಸುವ ಕಾರಣ. ಎಲ್ಲೆ ಮೀರು, ಮೇರೆ ಮೀರು, ಹದ್ದು ಮೀರು ಎಂಬ ಮೂರು ನುಡಿಗಟ್ಟುಗಳಲ್ಲಿ ಒಂದು ದ್ರಾವಿಡ ಮೂಲದ್ದು, ಒಂದು ಅರಬ್ಬಿಯಿಂದ ಬಂದದ್ದು; ಮಾತಿನ ಮೂಲ ಯಾವುದಾದರೂ ಕನ್ನಡಿಗನು ಅದನ್ನು ಹೊಲದ ಬದುವಿನಿಂದ ಎತ್ತಿ ನಡತೆಗೆ ಅನ್ವಯಿಸಿಕೊಂಡಿದ್ದಾನೆ.

ಪಟ್ಟಣವಾಸಿಗಳಾದ ನಮಗೆ ಹೆಚ್ಚು ಹತ್ತಿರವಾದುದು ಮನೆಗಳ ವಿವಾದ. ಹೊಲದ ನ್ಯಾಯವೇ ತೋಟ, ದೇಗುಲ, ಮನೆ, ಮಳೆನೀರಿನ ಕಾಲುವೆಗಳಿಗೂ ಸಲ್ಲುವುದೆಂದು ಯಾಜ್ಞವಲ್ಕ್ಯನ ಮಾತು. ಮನೆ ಕಟ್ಟಿದಂದಿನಿಂದ ಬಾಗಿಲು, ನೀರು, ಅಂಗಡಿ ಮೊದಲಾದುವನ್ನು ಯಾರು ಹೇಗೆ ಅನುಭವಿಸುತ್ತ ಬಂದಿದ್ದಾರೋ ಅದನ್ನು ಕದಲಿಸಬಾರದೆಂದು ಬೃಹಸ್ಪತಿ ಹೇಳಿದರೆ, ಹೇಸಿಗೆಯ ಜಾಗವನ್ನಾಗಲಿ, ಬೆಂಕಿಯ ಗೂಡನ್ನಾಗಲಿ, ಗುಂಡಿಯನ್ನಾಗಲಿ ಪರರ ಗೋಡೆಯಿಂದ ಎರಡು ಮೊಳ ಬಿಟ್ಟು ಮಾಡತಕ್ಕದ್ದೆಂದು ಕಾತ್ಯಾಯನ ವಿಧಿಸುತ್ತಾನೆ. ಕಿಟಕಿ, ಚರಂಡಿಗಳಿಗೆ ಅಡ್ಡಿ ಮಾಡಕೂಡದು. ಎರಡು ಹೊಲಗಳ ಎಲ್ಲೆಯ ಮೇಲೆ ಬೆಳೆದ ಮರದ ಹೂವು ಹಣ್ಣುಗಳು ಇಬ್ಬರಿಗೂ ಸಾಮಾನ್ಯ. ಕಾತ್ಯಾಯನನ ಮೂಲಗ್ರಂಥವು ಕಳೆದುಹೋಗಿ ನಿಬಂಧಗಳಲ್ಲಿ ಚದುರಿದ್ದ ವಚನಗಳನ್ನು ಆಯ್ದು ಕೂಡಿಸಿ 1933ರಲ್ಲಿ ಪ್ರಕಟಿಸಿದವರು ಮುಂಬಯಿಯ ಮಹಾಮಹೋಪಾಧ್ಯಾಯ ಪಾಂಡುರಂಗ ವಾಮನ ಕಾಣೆಯವರು. ಅವರ ಧರ್ಮಶಾಸ್ತ್ರದ ಇತಿಹಾಸದ ಮೂರನೆಯ ಸಂಪುಟವಿಲ್ಲದೆ ಇಂಥ ವಿಷಯದಲ್ಲಿ ಒಂದು ಹೆಜ್ಜೆಯನ್ನೂ ಇಡಲಾಗದು.

ಈಗ ಈ ಲೇಖನದ ಮುಖ್ಯ ವಿಷಯಕ್ಕೆ ಬರುತ್ತೇನೆ. ಅನುಭೋಗದಿಂದ ಒಡೆತನವು ಹೋಗುವುದೇ ಇಲ್ಲವೇ ಎಂಬ ಪ್ರಶ್ನೆಯಲ್ಲಿ ನಮ್ಮ ಪ್ರಾಚೀನರಿಗೂ ಇಂದಿನ ಕಾನೂನಿಗೂ ದೊಡ್ಡ ಅಂತರವಿದೆ. ಒಡೆಯನು ನೋಡುತ್ತ ಸುಮ್ಮನಿದ್ದರೆ, ಪರರು ಅನುಭವಿಸಿದ ಭೂಮಿಗೆ ಇಪ್ಪತ್ತು ವರ್ಷಗಳಲ್ಲಿ ಹಾನಿಯೆಂದು ಯಾಜ್ಞವಲ್ಕ್ಯಸ್ಮೃತಿ. ಇಲ್ಲಿ ಹಾನಿಯೆಂದರೆ ಭೂಮಿಯ ಹಾನಿಯಲ್ಲ, ಅಷ್ಟು ವರ್ಷದ ಫಲದ ಹಾನಿ ಮಾತ್ರವೆಂದು ವಿಜ್ಞಾನೇಶ್ವರನು ವಾದಿಸಿ ಒಡೆಯನನ್ನು ಉಳಿಸಿದ್ದಾನೆ. ಇದಲ್ಲದೆ ಮೂಲದಲ್ಲಿಯೇ ಕೆಲವು ಅಪವಾದಗಳಿವೆ. ಅಡವಿಟ್ಟದ್ದು, ಎಲ್ಲೆ, ನಂಬಿ ಇರಿಸಿದ್ದು, ಬುದ್ಧಿಮಾಂದ್ಯರ ಮತ್ತು ಮಕ್ಕಳ ಧನ ಮುಂತಾದುವು ಎಷ್ಟು ಕಾಲ ಪರರ ಅನುಭೋಗದಲ್ಲಿದ್ದರೂ ನಷ್ಟವಾಗವು. ಮನುವಿನ ಪಟ್ಟಿಯಲ್ಲಿಯೂ ಅಡವಿನ ಪಕ್ಕದಲ್ಲಿಯೇ ಸೀಮೆಯಿದೆ. ಅಡಮಾನದ ಕಾಗದಪತ್ರಗಳಲ್ಲಿ ದಿನ ಕಳೆಯುವ ಬ್ಯಾಂಕಿನವನಿಗೆ ಅಡವಿನ ಅಪವಾದವು ಕೂಡಲೆ ಅರ್ಥವಾಗುತ್ತದೆ. ಎಲ್ಲೆಗೇಕೆ? ಮಿತಾಕ್ಷರೆಯ ಉತ್ತರ ಹೀಗಿದೆ: ಬಹುಕಾಲದ ಹಿಂದೆ ಇಟ್ಟ ಹೊಟ್ಟು ಇದ್ದಿಲು ಮುಂತಾದ ಗುರುತುಗಳಿಂದ ಎಲ್ಲೆಯನ್ನು ಸುಲಭವಾಗಿ ಸಾಧಿಸಬಹುದಾದುದರಿಂದ ಒಡೆಯನು ಅದನ್ನು ಉಪೇಕ್ಷಿಸಿರುವುದು ಸಂಭವ.

ಎಂದರೆ, ನೆಲದ ಕೆಳಗೆ ಸಾಕ್ಷಿ ಇದೆ ಎಂಬ ಧೈರ್ಯದಿಂದ ಸುಮ್ಮನಿದ್ದವನನ್ನು ಅವನ ಮೌನಕ್ಕಾಗಿ ಶಿಕ್ಷಿಸಕೂಡದು. ನೆರೆಯವನೊಡನೆ ಕೂಗಾಡದೆ ಇದ್ದುದು ಸೌಜನ್ಯದಿಂದ ಇರಬಹುದು, ದೂರದೇಶದಲ್ಲಿ ಇದ್ದುದರಿಂದ ಇರಬಹುದು. ಅದು ಬಿಟ್ಟುಕೊಟ್ಟದ್ದಕ್ಕೆ ಗುರುತಲ್ಲ. ಪರಸ್ಥಳಕ್ಕೆ ಹೋಗಿ ಹೊಟ್ಟೆ ಹೊರೆಯುವವರ ಪಾಲಿಗೆ ಇದಕ್ಕಿಂತ ಉದಾರವಾದ ನ್ಯಾಯವನ್ನು ನಾನು ಬೇರೆಲ್ಲಿಯೂ ಓದಿಲ್ಲ.

ಈ ನ್ಯಾಯವು ಬ್ರಿಟಿಷರ ಕಾಲದಲ್ಲಿ ಸದ್ದಿಲ್ಲದೆ ಮರೆಯಾಯಿತು. 1772ರಲ್ಲಿ ವಾರನ್ ಹೇಸ್ಟಿಂಗ್ಸನು ಬಂಗಾಳದ ನ್ಯಾಯಾಲಯಗಳಿಗೆ ಮಾಡಿದ ಏರ್ಪಾಡಿನಲ್ಲಿ ದಾಯ, ವಿವಾಹ, ಜಾತಿ ಮೊದಲಾದ ಧಾರ್ಮಿಕ ಆಚಾರಗಳಿಗೆ ಮಾತ್ರ ಹಿಂದೂಗಳ ಶಾಸ್ತ್ರವು ಅನ್ವಯವಾಯಿತು. ಕೋಲ್‌ಬ್ರೂಕನು 1810ರಲ್ಲಿ ಮಿತಾಕ್ಷರೆಯನ್ನು ಇಂಗ್ಲಿಷಿಗೆ ತಂದಾಗ ಅನುವಾದಿಸಿದ್ದು ದಾಯಭಾಗದ ಪ್ರಕರಣವನ್ನು. ಹೀಗಾಗಿ ಕಲ್ಯಾಣದ ಪಂಡಿತನು ಭಾರತದ ಬಹುಭಾಗಕ್ಕೆ ಪಿತ್ರಾರ್ಜಿತದ ಶಾಸ್ತ್ರಕಾರನಾಗಿ ನಿಂತನು; ಅವನ ಸೀಮಾಪ್ರಕರಣವು ಸಂಸ್ಕೃತ ಬಲ್ಲವರ ಕಪಾಟಿನಲ್ಲಿ ಉಳಿಯಿತು.

ಅದರ ಬದಲು ಬಂದದ್ದು ಸರಪಳಿ. ಮುಂಬಯಿ ಪ್ರಾಂತದಲ್ಲಿ ಪ್ರಿಂಗಲನ ಮೊದಲಿನ ಮೋಜಣಿ ಕೆಟ್ಟುಹೋದ ಮೇಲೆ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರು 1835ರಲ್ಲಿ ಇಂದಾಪುರದಲ್ಲಿ ಹೊಸ ಮೋಜಣಿಯನ್ನು ಆರಂಭಿಸಿದರು. ಅದರ ನಿಯಮಗಳು 1847ರ ಜಂಟಿ ವರದಿಯಲ್ಲಿ ಸ್ಥಿರಗೊಂಡವು. ಧಾರವಾಡದ ಕಡೆಗೂ ಅದು ಹಬ್ಬಿತು. 1863ರಲ್ಲಿ ಮೈಸೂರು ಸೀಮೆಯೂ ಅದೇ ಪದ್ಧತಿಯನ್ನು ಸ್ವೀಕರಿಸಿತು. ಮೂವತ್ತಮೂರು ಅಡಿಯ ಸರಪಳಿ, ಅದಕ್ಕೆ ಹದಿನಾರು ಆಣೆ. ಸರಪಳಿಯ ಚೌಕವೊಂದು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಪ್ರತಿಯೊಂದು ಹೊಲಕ್ಕೂ ನಂಬರು, ಮೂಲೆಗೆ ಬಾಂದುಕಲ್ಲು, ಕಚೇರಿಯಲ್ಲಿ ನಕಾಶೆ. ಊರಿಂದೂರಿಗೆ ಬೇರೆಯಾಗಿದ್ದ ಗಳೆಗಳ ಗೊಂದಲವು ಇದರಿಂದ ತೀರಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಬಡ ರೈತನಿಗೂ ತನ್ನ ನಂಬರಿನ ನಕಲು ದೊರೆಯುವಂತಾದದ್ದು ಸಣ್ಣ ಉಪಕಾರವಲ್ಲ. ಆದರೆ ಎಲ್ಲೆಯ ತಿಳಿವಳಿಕೆಯು ಊರಿನವರ ತಲೆಯಿಂದ ಇಳಿದು ಕಚೇರಿಯ ಕಪಾಟಿಗೆ ಸೇರಿತು. ಇಂದು ಹದ್ದುಬಸ್ತಿಗೆ ಅರ್ಜಿ ಹಾಕಿ ಭೂಮಾಪಕನಿಗಾಗಿ ಕಾಯುವವನು ಆ ಕಪಾಟಿನ ಬಾಗಿಲು ತಟ್ಟುತ್ತಿದ್ದಾನೆ.

ಕ್ರಯಪತ್ರಗಳಲ್ಲಿ ಮಾತ್ರ ಹಳೆಯ ಕ್ರಮವು ಉಳಿದಿದೆ. ಸರ್ವೆ ನಂಬರನ್ನೂ ಗುಂಟೆಯನ್ನೂ ಬರೆದ ಮೇಲೆ ಚಕ್ಕುಬಂದಿ ಬರುತ್ತದೆ: ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಹಿತ್ತಿಲು. ಬರೆದ ಅಳತೆಗೂ ಚಕ್ಕುಬಂದಿಗೂ ಹೊಂದದಿದ್ದರೆ ಸಾಮಾನ್ಯವಾಗಿ ಚಕ್ಕುಬಂದಿಯೇ ಮೇಲಾಗುವುದೆಂದು ನ್ಯಾಯಾಲಯಗಳು ಎಷ್ಟೋ ಸಾರಿ ಹೇಳಿವೆ. ನೆರೆಯವನ ಹೆಸರಿಲ್ಲದೆ ನಮ್ಮ ಮನೆ ಎಲ್ಲಿದೆಯೆಂದು ಹೇಳಲಾಗದು. ಸಾಮಂತನು ಕ್ರಯಪತ್ರದೊಳಗೆ ಇನ್ನೂ ಸಾಕ್ಷಿಯಾಗಿ ನಿಂತಿದ್ದಾನೆ. ಗಾಳಿ ಬೆಳಕುಗಳ ಹಕ್ಕು 1882ರ ಈಸ್‌ಮೆಂಟ್ಸ್ ಆ್ಯಕ್ಟಿನಲ್ಲಿ ಅಡಗಿದೆ. ಅದು ಮೊದಲು ಮದರಾಸು, ಮಧ್ಯಪ್ರಾಂತ ಮತ್ತು ಕೊಡಗುಗಳಿಗೆ ಅನ್ವಯಿಸಿ 1891ರಲ್ಲಿ ಮುಂಬಯಿ ಪ್ರಾಂತಕ್ಕೆ ಬಂದಿತು. ಇಪ್ಪತ್ತು ವರ್ಷ ತಡೆಯಿಲ್ಲದೆ ಅನುಭವಿಸಿದ ಬೆಳಕಿಗೆ ನೆರೆಯವನು ಗೋಡೆಯೆತ್ತಿ ಅಡ್ಡಿ ಮಾಡಲಾಗದೆಂಬ ಅದರ ವಿಧಿಯನ್ನು ಕಂಡಿದ್ದರೆ ಬೃಹಸ್ಪತಿಯು ತಲೆದೂಗುತ್ತಿದ್ದನು.

ನೆಲದ ವಿಷಯದಲ್ಲಿ ಮಾತ್ರ ಅವನು ತಲೆದೂಗನು. 1963ರ ಲಿಮಿಟೇಷನ್ ಆ್ಯಕ್ಟಿನ 65ನೆಯ ಅನುಚ್ಛೇದದಂತೆ, ಪರರ ಸ್ವಾಧೀನವು ಒಡೆಯನಿಗೆ ಪ್ರತಿಕೂಲವಾದಂದಿನಿಂದ ಹನ್ನೆರಡು ವರ್ಷಗಳೊಳಗೆ ದಾವೆ ಹೂಡಬೇಕು. ಅವಧಿ ಮೀರಿದರೆ ಫಲ ಮಾತ್ರವಲ್ಲ, ನೆಲವೇ ಹೋಗುತ್ತದೆ. ಎಲ್ಲೆಗೆ ಪ್ರತ್ಯೇಕವಾದ ಅಪವಾದವಿಲ್ಲ. ಸರಿದುಬಂದ ಬೇಲಿಯನ್ನು ಹನ್ನೆರಡು ಬೇಸಗೆ ನೋಡಿ ಸುಮ್ಮನೆ ಹಿಂದಿರುಗಿದ ಮುಂಬಯಿ ಕನ್ನಡಿಗನ ಸೌಜನ್ಯವು ಕಾನೂನಿನ ಕಣ್ಣಿಗೆ ಉಪೇಕ್ಷೆಯಾಗುತ್ತದೆ. ದಾವೆಯೇ ಹೂಡಬೇಕೆಂದು ನಾನು ಹೇಳುವುದಿಲ್ಲ. ಹದ್ದುಬಸ್ತು ಮಾಡಿಸಿ, ನಕಾಶೆಯ ನಕಲನ್ನು ತೆಗೆದಿರಿಸಿ, ನೆರೆಯವನ ಸಹಿಯುಳ್ಳ ಒಪ್ಪಿಗೆಯನ್ನು ಪಡೆದರೆ ಅದು ನಾರದನು ಹೇಳಿದ ಭಯವರ್ಜಿತೆಯೇ ಆಗುವುದು.

ಇನ್ನು ಕುಳವಾಡಿಯ ವಿಷಯ. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು 1961ರ ಅಧಿನಿಯಮದಿಂದ ರದ್ದುಪಡಿಸಿದರು. 1963ರಲ್ಲಿ ಅದು ಜಾರಿಗೆ ಬಂದಿತು. ಚಾಕರಿಯ ಇನಾಮುಗಳನ್ನು ಆ ಹುದ್ದೆಯಲ್ಲಿದ್ದವರಿಗೇ ಮರಳಿ ಮಂಜೂರು ಮಾಡಲು ಅವಕಾಶವಾಯಿತು. ಪರಿಶಿಷ್ಟ ಜಾತಿ ಪಂಗಡದವರಿಗೆ ಸರ್ಕಾರವು ಮಂಜೂರು ಮಾಡಿದ ಇತರ ಜಮೀನುಗಳು ಸಾಲಕ್ಕೂ ಕುಡಿತಕ್ಕೂ ಕಳ್ಳಸಹಿಗೂ ಸಿಕ್ಕಿ ಪರಭಾರೆಯಾಗುತ್ತಿದ್ದುದನ್ನು ತಡೆಯಲು 1978ರಲ್ಲಿ ಕರ್ನಾಟಕವು ಪ್ರತ್ಯೇಕ ಶಾಸನವನ್ನು ಮಾಡಿತು. ಅದರಂತೆ ನಿಷೇಧ ಮೀರಿ ಕೊಂಡವನಿಂದ ಜಮೀನನ್ನು ಹಿಂದಕ್ಕೆ ಪಡೆದು ಮೂಲ ಮಂಜೂರಾತಿದಾರನಿಗೆ ಅಥವಾ ಅವನ ವಾರಸುದಾರರಿಗೆ ಕೊಡಿಸಬಹುದು. ಅರ್ಜಿಯನ್ನು ಯುಕ್ತವಾದ ಕಾಲದೊಳಗೆ ಸಲ್ಲಿಸಬೇಕೆಂದು ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪು ಕೊಟ್ಟ ಮೇಲೆ ತಡವಾಯಿತೆಂಬ ಕಾರಣದಿಂದ ಎಷ್ಟೋ ಅರ್ಜಿಗಳು ಬಿದ್ದುಹೋದವು. 2023ರಲ್ಲಿ ರಾಜ್ಯದ ವಿಧಾನಮಂಡಲವು ಆ ಶಾಸನವನ್ನು ತಿದ್ದಿ, ಇಂಥ ಜಮೀನನ್ನು ಮರಳಿ ಕೇಳುವುದಕ್ಕೆ ಯಾವ ಕಾಲಮಿತಿಯೂ ಇಲ್ಲವೆಂದು ಸ್ಪಷ್ಟಪಡಿಸಿತು. ಇಷ್ಟು ವರ್ಷ ಸುಮ್ಮನಿದ್ದೆಯೇಕೆಂದು ಅರ್ಜಿದಾರನನ್ನು ಕೇಳಬಾರದೆಂಬುದು ಆ ತಿದ್ದುಪಡಿಯ ಆಶಯ. ಎಲ್ಲೆಯ ಒಡೆಯನನ್ನು ವಿಜ್ಞಾನೇಶ್ವರನೂ ಹಾಗೆ ಕೇಳಲಿಲ್ಲ.